ಸಾಕು ಇಲಿಗೆ ನೋವಿನ ಔಷಧಿ: ಮೆಲಾಕ್ಸಿಕ್ಯಾಮ್, ಐಬುಪ್ರೊಫೆನ್, ಪ್ಯಾರಾಸಿಟಮಾಲ್‌ಗಳಲ್ಲಿ ಯಾವುದನ್ನು ಆರಿಸಬೇಕು?

ಇಲಿ ಸಾಕುವವರಿಂದ ಪದೇಪದೇ ಬರುವ ಪ್ರಶ್ನೆ ಇದು. ಇಲಿ ಹಿಂಗಾಲು ಎಳೆಯುತ್ತಿದೆ, ಅಥವಾ ಗಡ್ಡೆ ತೆಗೆಸಿಕೊಂಡು ಮನೆಗೆ ಬಂದಿದೆ. ನೋವಿದೆ ಅಂತ ನೋಡಿದರೇ ಗೊತ್ತಾಗುತ್ತದೆ. ಮನೆಯಲ್ಲಿ ಮಗುವಿನ ಜ್ವರದ ಸಿರಪ್ ಇದೆ. ನಾಯಿಗೆ ತಂದ ಮೆಲಾಕ್ಸಿಕ್ಯಾಮ್ ಅರ್ಧ ಬಾಟಲಿ ಉಳಿದಿದೆ. ಯಾರೋ ಐಬುಪ್ರೊಫೆನ್ ಕೊಡಿ ಅನ್ನುತ್ತಾರೆ. ಹತ್ತಿರದ ಪಶುವೈದ್ಯರು ಹಸು, ಎಮ್ಮೆ, ನಾಯಿ ನೋಡುವವರು, ಇಲಿ ನೋಡಿದವರಲ್ಲ. ಈಗ ಏನು ಕೊಡುವುದು?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬಹುಪಾಲು ಇಲಿಗಳಿಗೆ ಮೆಲಾಕ್ಸಿಕ್ಯಾಮ್ ಮೊದಲ ಆಯ್ಕೆ. ಆದರೆ ಬಾಟಲಿಯ ಹೆಸರಿಗಿಂತ ಅದರ ಮೇಲೆ ಸಣ್ಣ ಅಕ್ಷರದಲ್ಲಿರುವ ಸಂಖ್ಯೆ ಮುಖ್ಯ: ಒಂದು ಎಂಎಲ್‌ನಲ್ಲಿ ಎಷ್ಟು ಎಂಜಿ ಔಷಧಿ ಇದೆ ಅನ್ನುವುದು. ನೋವಿನ ಔಷಧಿಯಿಂದ ಇಲಿಗೆ ಆಗುವ ಅಪಾಯದಲ್ಲಿ ದೊಡ್ಡ ಪಾಲು ಈ ಸಂಖ್ಯೆಯನ್ನು ನೋಡದೆ ಕೊಟ್ಟದ್ದರಿಂದ ಬರುತ್ತದೆ.

ಆರಿಸುವ ಮುಂಚೆ ನೋಡಬೇಕಾದ್ದು

ಮೊದಲನೆಯದು, ಅದು ನಿಜವಾಗಿ ನೋವೇ? ಇಲಿ ಬೇರೆ ಪ್ರಾಣಿಗಳ ಬಾಯಿಗೆ ಬೀಳುವ ಜೀವ. ನೋವನ್ನು ಮುಚ್ಚಿಡುವುದು ಅದರ ಸ್ವಭಾವ. ಕಿರುಚಿದರೆ ಮಾತ್ರ ನೋವು ಅಂದುಕೊಂಡರೆ ತುಂಬಾ ತಡವಾಗುತ್ತದೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಇಲಿಯ ಮುಖ ನೋಡಿ ನೋವನ್ನು ಅಳೆಯುವ ಒಂದು ವಿಧಾನ ಪ್ರಕಟಿಸಿದರು. ಅದರಲ್ಲಿ ನಾಲ್ಕು ಗುರುತುಗಳಿವೆ. ಕಣ್ಣು ಕಿರಿದಾಗುತ್ತದೆ. ಮೂಗು ಮತ್ತು ಕೆನ್ನೆಯ ಉಬ್ಬು ಚಪ್ಪಟೆಯಾಗುತ್ತದೆ. ಕಿವಿ ಮಡಚಿಕೊಂಡು ಪಕ್ಕಕ್ಕೆ ವಾಲುತ್ತದೆ. ಮೀಸೆ ಬಿಗಿಯಾಗಿ ನಿಲ್ಲುತ್ತದೆ. ಇದರ ಜೊತೆಗೆ ಬೆನ್ನು ಗೂನಾಗಿರುವುದು, ರೋಮ ನಿಮಿರಿರುವುದು, ಮೈ ನೆಕ್ಕಿ ಸ್ವಚ್ಛ ಮಾಡಿಕೊಳ್ಳದಿರುವುದು, ತಿಂಡಿ ಇಟ್ಟರೂ ಗೂಡಿನಿಂದ ಬಾರದಿರುವುದು ಕಂಡರೆ ನೋವಿದೆ ಅಂತಲೇ ಲೆಕ್ಕ. ಕಣ್ಣು, ಮೂಗಿನ ಸುತ್ತ ಕೆಂಪು ಕಲೆ ಕಾಣಿಸಬಹುದು. ಅದು ರಕ್ತವಲ್ಲ. ಕಣ್ಣಿನ ಹಿಂದಿನ ಗ್ರಂಥಿಯಿಂದ ಬರುವ ಪಾರ್ಫಿರಿನ್ ಎಂಬ ಬಣ್ಣ. ಒತ್ತಡ, ಕಾಯಿಲೆ, ನೋವು ಯಾವುದಕ್ಕೂ ಅದು ಬರಬಹುದು. ಹಲ್ಲು ಕಟಕಟ ಮಸೆಯುವುದರಿಂದ ಏನನ್ನೂ ತೀರ್ಮಾನಿಸಬೇಡಿ. ಖುಷಿಯಲ್ಲೂ ಮಸೆಯುತ್ತದೆ, ನೋವಲ್ಲೂ ಮಸೆಯುತ್ತದೆ.

ಎರಡನೆಯದು, ನೋವಿನ ಜೊತೆ ಊತ, ಉರಿಯೂತ ಇದೆಯೇ? ಕೀಲುನೋವು, ಪಾದದ ಹುಣ್ಣು, ಕೀವುಗಡ್ಡೆ, ಆಪರೇಷನ್ ಗಾಯ, ಇವೆಲ್ಲದರಲ್ಲೂ ಊತ ಇರುತ್ತದೆ. ಅಲ್ಲಿ ಊತವನ್ನೂ ಇಳಿಸುವ ಔಷಧಿ ಬೇಕು.

ಮೂರನೆಯದು, ಇಲಿ ಈಗಾಗಲೇ ಏನು ತೆಗೆದುಕೊಳ್ಳುತ್ತಿದೆ? ಇದು ಬಹಳ ಮುಖ್ಯ. ಸಾಕು ಇಲಿಗಳಲ್ಲಿ ಉಸಿರಾಟದ ತೊಂದರೆ ಸಾಮಾನ್ಯ. ಅದಕ್ಕೆ ವೈದ್ಯರು ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಕೊಟ್ಟಿರಬಹುದು. ಸ್ಟೀರಾಯ್ಡ್ ಜೊತೆ ಮೆಲಾಕ್ಸಿಕ್ಯಾಮ್ ಅಥವಾ ಐಬುಪ್ರೊಫೆನ್ ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುವ ಅಪಾಯ ಜಾಸ್ತಿ. ಇಲಿಗೆ ವಾಂತಿ ಮಾಡಲು ಬರುವುದೇ ಇಲ್ಲ. ಒಳಗೆ ಹೋದದ್ದು ಹೋದಂತೆಯೇ.

ನಾಲ್ಕನೆಯದು, ಆ ಪುಟ್ಟ ಮೈಗೆ ಔಷಧಿಯನ್ನು ಸರಿಯಾಗಿ ಅಳೆಯಲು ಆಗುತ್ತದೆಯೇ? ದೊಡ್ಡ ಹೆಣ್ಣಿಲಿ ಸುಮಾರು 250ರಿಂದ 350 ಗ್ರಾಂ ತೂಗುತ್ತದೆ. ಗಂಡಿಲಿ 450ರಿಂದ 650 ಗ್ರಾಂ ಇರಬಹುದು. ಒಂದೇ ಗೂಡಿನ ಎರಡು ಇಲಿಗಳ ನಡುವೆ ದುಪ್ಪಟ್ಟು ವ್ಯತ್ಯಾಸ ಇರಲು ಸಾಧ್ಯ. ಅಂದಾಜಿನ ತೂಕಕ್ಕೆ ಔಷಧಿ ಕೊಡುವ ಹಾಗಿಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ಡಬ್ಬಿ ಇಟ್ಟು, ಸೊನ್ನೆ ಮಾಡಿ, ಇಲಿಯನ್ನು ಡಬ್ಬಿಯಲ್ಲಿ ಕೂರಿಸಿ. ಅಷ್ಟೇ ಕೆಲಸ.

ಕೊನೆಯದಾಗಿ ಖರ್ಚು, ಔಷಧಿ ಸಿಗುವ ಸುಲಭ, ದಿನಕ್ಕೆ ಎಷ್ಟು ಸಲ ಕೊಡಬೇಕು ಅನ್ನುವ ತಾಪತ್ರಯ. ಇವೂ ನಿಜವಾದ ಕಾರಣಗಳೇ. ಎಲ್ಲರ ಕೈಯಲ್ಲೂ ಒಂದೇ ಸಮಯ, ಒಂದೇ ದುಡ್ಡು ಇರುವುದಿಲ್ಲ.

ಮೆಲಾಕ್ಸಿಕ್ಯಾಮ್

ಇಲಿ ನೋಡುವ ವೈದ್ಯರು ಸಾಮಾನ್ಯವಾಗಿ ಮೊದಲು ಬರೆಯುವುದು ಇದನ್ನೇ. ನೋವು, ಊತ ಎರಡನ್ನೂ ಇಳಿಸುತ್ತದೆ. ದಿನಕ್ಕೆ ಒಂದು ಸಲ ಕೊಟ್ಟರೆ ಸಾಕಾಗುತ್ತದೆ. ಕೆಲಸಕ್ಕೆ ಹೋಗುವವರಿಗೆ ಇದೊಂದೇ ದೊಡ್ಡ ಅನುಕೂಲ. ನಾಯಿಗಳಿಗಾಗಿ ಬರುವ ದ್ರವರೂಪದ ಔಷಧಿ ಸಿಹಿಯಾಗಿರುವುದರಿಂದ ಇಲಿಗಳು ಸಿರಿಂಜ್ ತುದಿಯನ್ನೇ ನೆಕ್ಕಿ ಕುಡಿಯುವುದೂ ಉಂಟು.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ತಿಳಿದಿರಬೇಕು. ನಾಯಿಗೆ ಮೊದಲ ದಿನ ಕೆಜಿಗೆ 0.2 ಎಂಜಿ, ಆಮೇಲೆ ದಿನಕ್ಕೆ 0.1 ಎಂಜಿ ಕೊಡುತ್ತಾರೆ. ಇಲಿಗೆ ವೈದ್ಯರ ಕೈಪಿಡಿಗಳಲ್ಲಿ ಇರುವ ಪ್ರಮಾಣ ದಿನಕ್ಕೆ ಕೆಜಿಗೆ 1ರಿಂದ 2 ಎಂಜಿ. ಅಂದರೆ ನಾಯಿಯ ದಿನನಿತ್ಯದ ಪ್ರಮಾಣದ ಹತ್ತರಿಂದ ಇಪ್ಪತ್ತು ಪಟ್ಟು. ಇಲಿಯ ಮೈ ಔಷಧಿಯನ್ನು ಬೇಗ ಕರಗಿಸಿಬಿಡುತ್ತದೆ. ಇಲಿ ನೋಡಿ ಅಭ್ಯಾಸವಿಲ್ಲದ ವೈದ್ಯರು ನಾಯಿಯ ಲೆಕ್ಕದಲ್ಲೇ ಬರೆದುಕೊಟ್ಟರೆ ಇಲಿಗೆ ಏನೂ ಆಗುವುದಿಲ್ಲ, ನೋವೂ ಹೋಗುವುದಿಲ್ಲ. ನಾವು ಮಾತ್ರ ಔಷಧಿ ಕೊಟ್ಟಿದ್ದೇವೆ ಅಂತ ನೆಮ್ಮದಿಯಾಗಿರುತ್ತೇವೆ. ಇಂಥ ಸಂದರ್ಭದಲ್ಲಿ "ಡಾಕ್ಟ್ರೇ, ಇಲಿಗಳಿಗೆ ಪ್ರಮಾಣ ಬೇರೆ ಇರುತ್ತದಂತೆ, ಒಂದು ಸಲ ನೋಡ್ತೀರಾ?" ಅಂತ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಹೆಚ್ಚಿನವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಈಗ ಲೆಕ್ಕ. 400 ಗ್ರಾಂ ತೂಗುವ ಇಲಿಗೆ ಕೆಜಿಗೆ 1 ಎಂಜಿಯಂತೆ 0.4 ಎಂಜಿ ಬೇಕು. ನಾಯಿಯ ದ್ರವದಲ್ಲಿ ಸಾಮಾನ್ಯವಾಗಿ ಎಂಎಲ್‌ಗೆ 1.5 ಎಂಜಿ ಇರುತ್ತದೆ. ಹಾಗಾದರೆ 0.27 ಎಂಎಲ್. ಬೆಕ್ಕಿನ ಬಾಟಲಿಯಲ್ಲಿ ಎಂಎಲ್‌ಗೆ 0.5 ಎಂಜಿ ಇದ್ದರೆ 0.8 ಎಂಎಲ್. ಎಂಎಲ್‌ಗೆ 5 ಎಂಜಿ ಇರುವ ಇಂಜೆಕ್ಷನ್ ಬಾಟಲಿಯಾದರೆ ಬರೀ 0.08 ಎಂಎಲ್. ಔಷಧಿಯ ಹೆಸರು ಮೂರಕ್ಕೂ ಒಂದೇ. ಬೆಕ್ಕಿನ ಬಾಟಲಿಯ ಅಳತೆ ಹಿಡಿದುಕೊಂಡು ಇಂಜೆಕ್ಷನ್ ಬಾಟಲಿಯಿಂದ ಎಳೆದರೆ ಒಂದೇ ಸಲಕ್ಕೆ ಹತ್ತು ಪಟ್ಟು ಹೋಗುತ್ತದೆ. ದನಗಳಿಗೆ ಬರುವ ಕೆಲವು ಇಂಜೆಕ್ಷನ್‌ಗಳಲ್ಲಿ ಮೆಲಾಕ್ಸಿಕ್ಯಾಮ್ ಜೊತೆ ಪ್ಯಾರಾಸಿಟಮಾಲ್ ಕೂಡ ಸೇರಿರುತ್ತದೆ. ಪಶು ಔಷಧಿ ಅಂಗಡಿಯಲ್ಲಿ ಕೊಟ್ಟದ್ದನ್ನು ಓದದೆ ತರಬೇಡಿ.

ಮನುಷ್ಯರ ಮೆಲಾಕ್ಸಿಕ್ಯಾಮ್ ಮಾತ್ರೆ 7.5 ಮತ್ತು 15 ಎಂಜಿಯಲ್ಲಿ ಬರುತ್ತದೆ. ಅದನ್ನು ಪುಡಿ ಮಾಡಿ 0.4 ಎಂಜಿ ಬೇರ್ಪಡಿಸುವುದು ಮನೆಯಲ್ಲಿ ಆಗದ ಕೆಲಸ. ನೀರಲ್ಲಿ ಕದಡಿದರೂ ಪುಡಿ ತಳಕ್ಕೆ ಕೂರುತ್ತದೆ. ಒಂದು ದಿನ ಏನೂ ಹೋಗುವುದಿಲ್ಲ, ಇನ್ನೊಂದು ದಿನ ಎಲ್ಲವೂ ಹೋಗುತ್ತದೆ.

ನಮ್ಮ ಪಶುವೈದ್ಯರಿಗೆ ಈ ಔಷಧಿ ಚೆನ್ನಾಗಿ ಪರಿಚಯ ಇರುವುದಕ್ಕೆ ಹದ್ದುಗಳೂ ಒಂದು ಕಾರಣ. ಡೈಕ್ಲೋಫಿನಾಕ್ ಎಂಬ ನೋವಿನ ಔಷಧಿ ಪಡೆದ ದನದ ಶವ ತಿಂದ ರಣಹದ್ದುಗಳು ಕಿಡ್ನಿ ಕೆಟ್ಟು ಸಾಯುತ್ತಿದ್ದವು. 2006ರಲ್ಲಿ ಭಾರತ ಸರ್ಕಾರ ಪಶುಗಳಿಗೆ ಅದನ್ನು ನಿಷೇಧಿಸಿತು. ಅದರ ಜಾಗದಲ್ಲಿ ಹದ್ದುಗಳಿಗೆ ಹಾನಿ ಮಾಡದ ಮೆಲಾಕ್ಸಿಕ್ಯಾಮ್ ಅನ್ನು ಮುಂದೆ ತಂದರು. 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫಿನಾಕ್‌ಗಳೂ ಪಶುಬಳಕೆಯಿಂದ ಹೊರಗಾದವು. ರಾಮನಗರದ ಬೆಟ್ಟದ ರಣಹದ್ದುಗಳನ್ನು ನೋಡಿದವರಿಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ.

ಮೆಲಾಕ್ಸಿಕ್ಯಾಮ್ ಬೇಡ ಅನ್ನುವ ಸಂದರ್ಭಗಳೂ ಇವೆ. ಸ್ಟೀರಾಯ್ಡ್ ನಡೆಯುತ್ತಿದ್ದರೆ ಬೇಡ. ಇಲಿ ನೀರು ಕುಡಿಯದೆ ಒಣಗಿದ್ದರೆ ಬೇಡ. ಮಲ ಟಾರಿನಂತೆ ಕಪ್ಪಗಿದ್ದರೆ ಬೇಡ. ವಯಸ್ಸಾದ ಇಲಿಗಳಲ್ಲಿ, ಅದರಲ್ಲೂ ಗಂಡುಗಳಲ್ಲಿ, ಕಿಡ್ನಿ ನಿಧಾನವಾಗಿ ಕೆಡುವುದು ಸಾಮಾನ್ಯ. ಜಾಸ್ತಿ ನೀರು ಕುಡಿದು ಜಾಸ್ತಿ ಉಚ್ಚೆ ಹೊಯ್ಯುತ್ತಾ ತೂಕ ಇಳಿಯುತ್ತಿದ್ದರೆ ವೈದ್ಯರಿಗೆ ಹೇಳಿ. ಅವರು ಪ್ರಮಾಣ ಇಳಿಸಬಹುದು ಅಥವಾ ಬೇರೆ ದಾರಿ ಹಿಡಿಯಬಹುದು.

ಐಬುಪ್ರೊಫೆನ್

ಇದೂ ಮೆಲಾಕ್ಸಿಕ್ಯಾಮ್ ಗುಂಪಿನದೇ. ಊತ ಇಳಿಸುತ್ತದೆ. ಮಕ್ಕಳ ಸಿರಪ್ ಆಗಿ ಎಲ್ಲ ಮೆಡಿಕಲ್ ಶಾಪ್‌ನಲ್ಲೂ ಕಡಿಮೆ ಬೆಲೆಗೆ ಸಿಗುತ್ತದೆ. ಹಾಗಾಗಿ ದೂರದ ಊರಿನವರಿಗೆ, ರಾತ್ರಿ ಹೊತ್ತಿನ ತುರ್ತಿಗೆ ಇದು ನಿಜಕ್ಕೂ ಒಂದು ಆಯ್ಕೆ. ಆದರೆ ಬೇಗ ಇಳಿದುಹೋಗುತ್ತದೆ. ದಿನಕ್ಕೆ ಒಂದಕ್ಕಿಂತ ಹೆಚ್ಚು ಸಲ ಬೇಕಾಗಬಹುದು. ಹೊಟ್ಟೆ ಮತ್ತು ಕಿಡ್ನಿಯ ಅಪಾಯ ಇದಕ್ಕೂ ಇದೆ. ವಾರಗಟ್ಟಲೆ ಕೊಡಬೇಕಾದ ನೋವಿಗೆ ನಾನು ಇದನ್ನು ಆರಿಸುವುದಿಲ್ಲ.

ಸಾಮಾನ್ಯ ಸಿರಪ್‌ನಲ್ಲಿ 5 ಎಂಎಲ್‌ಗೆ 100 ಎಂಜಿ, ಅಂದರೆ ಎಂಎಲ್‌ಗೆ 20 ಎಂಜಿ ಇರುತ್ತದೆ. ಇಲಿಗೆ ಕೆಜಿಗೆ 15 ಎಂಜಿ ಲೆಕ್ಕ ಹಿಡಿದರೆ 400 ಗ್ರಾಂ ಇಲಿಗೆ 6 ಎಂಜಿ, ಅಂದರೆ 0.3 ಎಂಎಲ್. ಎಷ್ಟು ಗಂಟೆಗೊಮ್ಮೆ ಅನ್ನುವುದನ್ನು ವೈದ್ಯರು ಹೇಳಲಿ.

ಭಾರತದಲ್ಲಿ ಒಂದು ಎಚ್ಚರ ಬೇಕು. ಇಲ್ಲಿ ಐಬುಪ್ರೊಫೆನ್ ಸಿರಪ್ ಅಂತ ಕೇಳಿದರೆ ಪ್ಯಾರಾಸಿಟಮಾಲ್ ಸೇರಿಸಿದ್ದೇ ಹೆಚ್ಚಾಗಿ ಕೈಗೆ ಬರುತ್ತದೆ. ಬರೀ ಐಬುಪ್ರೊಫೆನ್ ಇರುವುದನ್ನೇ ಕೇಳಿ. ಅಮೆರಿಕದಲ್ಲಿರುವವರಿಗೆ ಇನ್ನೊಂದು ಮಾತು: ಅಲ್ಲಿ ಹಸುಗೂಸುಗಳ ಡ್ರಾಪ್ಸ್ 1.25 ಎಂಎಲ್‌ಗೆ 50 ಎಂಜಿ, ಅಂದರೆ ಮಕ್ಕಳ ಸಿರಪ್‌ಗಿಂತ ದುಪ್ಪಟ್ಟು ಗಟ್ಟಿ. ಚಿಕ್ಕ ಮಕ್ಕಳದು ಅಂದಮೇಲೆ ಸೌಮ್ಯ ಇರಬೇಕು ಅಂದುಕೊಂಡರೆ ಪ್ರಮಾಣ ಎರಡು ಪಟ್ಟಾಗುತ್ತದೆ.

ಪ್ಯಾರಾಸಿಟಮಾಲ್

ಎಲ್ಲರ ಮನೆಯಲ್ಲೂ ಇರುವುದು ಇದು. ಅಮೆರಿಕದಲ್ಲಿ ಅಸಿಟಮಿನೊಫೆನ್ ಅಂತ ಬರುವುದೂ ಇದೇ. ಬೆಕ್ಕಿಗೆ ಇದು ವಿಷ. ಇಲಿಗೆ ಹಾಗಲ್ಲ, ಸರಿಯಾದ ಪ್ರಮಾಣದಲ್ಲಿ ತಡೆದುಕೊಳ್ಳುತ್ತದೆ. ಮನೆಯಲ್ಲಿ ಬೆಕ್ಕೂ ಇದ್ದರೆ ಬಾಟಲಿ, ಸಿರಿಂಜ್ ಎರಡನ್ನೂ ಅದಕ್ಕೆ ಸಿಗದಂತೆ ಇಡಿ.

ಹೊಟ್ಟೆಯಲ್ಲಿ ಹುಣ್ಣು ಮಾಡುವ ಸ್ವಭಾವ ಇದಕ್ಕೆ ಕಡಿಮೆ. ಅದಕ್ಕೇ ಸ್ಟೀರಾಯ್ಡ್ ಮೇಲಿರುವ ಇಲಿಗೆ, ಹೊಟ್ಟೆ ಸೂಕ್ಷ್ಮ ಆಗಿರುವ ಇಲಿಗೆ ವೈದ್ಯರು ಇದನ್ನು ಯೋಚಿಸಬಹುದು. ಆದರೆ ಊತ ಇಳಿಸುವ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಸಣ್ಣ ನೋವಿಗೆ ಸರಿ, ಆಪರೇಷನ್ ನೋವಿಗೆ ಇದೊಂದೇ ಸಾಲದು. ಲಿವರ್ ಕೆಟ್ಟಿದ್ದರೆ ಬೇಡ.

ಇದರ ದೊಡ್ಡ ಕಷ್ಟ ಕುಡಿಸುವ ಪ್ರಮಾಣದಲ್ಲಿದೆ. ಕೈಪಿಡಿಗಳಲ್ಲಿ ಇಲಿಗೆ ಇರುವ ಪ್ರಮಾಣ ಕೆಜಿಗೆ 100 ಎಂಜಿಯಿಂದ ಶುರುವಾಗುತ್ತದೆ. 400 ಗ್ರಾಂ ಇಲಿಗೆ 40 ಎಂಜಿ. 5 ಎಂಎಲ್‌ಗೆ 120 ಎಂಜಿ ಇರುವ ಸಿರಪ್ ಆದರೆ ಸುಮಾರು 1.7 ಎಂಎಲ್ ಕುಡಿಸಬೇಕು. ಅಷ್ಟು ಅಂಟಂಟು ಸಿರಪ್ಪನ್ನು ನೋವಲ್ಲಿರುವ ಇಲಿಗೆ ಕುಡಿಸುವುದು ಸುಲಭವಲ್ಲ. 5 ಎಂಎಲ್‌ಗೆ 250 ಎಂಜಿ ಇರುವ ಸಿರಪ್ ಆದರೆ 0.8 ಎಂಎಲ್. ಡ್ರಾಪ್ಸ್‌ನಲ್ಲಿ ಎಂಎಲ್‌ಗೇ 100 ಎಂಜಿ ಇರುತ್ತದೆ, ಆಗ 0.4 ಎಂಎಲ್ ಸಾಕು. ಇಲ್ಲೂ ನೋಡಿ, ಒಂದೇ ಔಷಧಿ, ಮೂರು ಬಾಟಲಿ, ನಾಲ್ಕು ಪಟ್ಟು ವ್ಯತ್ಯಾಸ. ನೆಗಡಿ-ಜ್ವರ ಎರಡಕ್ಕೂ ಅಂತ ಬರುವ ಸಿರಪ್‌ಗಳಲ್ಲಿ ಬೇರೆ ಔಷಧಿಗಳು ಸೇರಿರುತ್ತವೆ. ಅವು ಇಲಿಗೆ ಬೇಡವೇ ಬೇಡ.

ಮನೆಯಲ್ಲಿರುವ ಮಿಕ್ಕವು

ಮಕ್ಕಳ ಜ್ವರಕ್ಕೆ ಕೊಡುವ ಮೆಫೆನಾಮಿಕ್ ಆ್ಯಸಿಡ್ ಸಿರಪ್ಪನ್ನು ಬಹಳ ಜನ ಪ್ಯಾರಾಸಿಟಮಾಲ್ ಅಂದುಕೊಂಡಿರುತ್ತಾರೆ. ಅದು ಐಬುಪ್ರೊಫೆನ್ ಗುಂಪಿನದು. ಕೊಡಬೇಡಿ. ಡೈಕ್ಲೋಫಿನಾಕ್, ನಿಮೆಸುಲೈಡ್ ಕೂಡ ಬೇಡ. ಆಸ್ಪಿರಿನ್ ಅನ್ನು ಹಿಂದೆ ಇಲಿಗಳಿಗೆ ಕೊಡುತ್ತಿದ್ದರು. ಹೊಟ್ಟೆಗೆ ತೊಂದರೆ ಮಾಡುತ್ತದೆ, ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಆಪರೇಷನ್ ಮುಂಚೆ, ಆಮೇಲೆ ಅಂತೂ ಹತ್ತಿರ ತರಬಾರದು. ಅದಕ್ಕಿಂತ ಒಳ್ಳೆಯವು ಸಿಗುವಾಗ ಅದರ ಅಗತ್ಯ ನನಗೆ ಕಾಣುವುದಿಲ್ಲ. ನೋವಿನ ಬಾಮ್ ಹಚ್ಚುವುದೂ ತಪ್ಪು. ಇಲಿ ಅದನ್ನು ನೆಕ್ಕುತ್ತದೆ, ಕರ್ಪೂರ ಮತ್ತು ಸ್ಯಾಲಿಸಿಲೇಟ್ ಹೊಟ್ಟೆಗೆ ಹೋಗುತ್ತವೆ.

ವೈದ್ಯರ ಕೈಯಲ್ಲೇ ಇರಬೇಕಾದವು

ಗಡ್ಡೆ ತೆಗೆದ ದಿನದ ನೋವಿಗೆ ಬುಪ್ರೆನಾರ್ಫಿನ್ ಇಂಜೆಕ್ಷನ್ ಬಹಳ ಉಪಯುಕ್ತ. ಅದು ಮೆಲಾಕ್ಸಿಕ್ಯಾಮ್‌ಗಿಂತ ಬೇರೆ ದಾರಿಯಲ್ಲಿ ಕೆಲಸ ಮಾಡುವುದರಿಂದ ಎರಡನ್ನೂ ಒಟ್ಟಿಗೆ ಕೊಡಬಹುದು. ಮಾದಕ ವಸ್ತುಗಳ ಕಾನೂನಿನ ಕೆಳಗೆ ಬರುವುದರಿಂದ ಸುಮ್ನೆ ಅಂಗಡಿಯಲ್ಲಿ ಸಿಗುವುದಿಲ್ಲ. 2018ರಿಂದ ಟ್ರಾಮಡಾಲ್ ಎಂಬ ಇನ್ನೊಂದು ನೋವಿನ ಔಷಧಿ ಕೂಡ ಅದೇ ಕಾನೂನಿಗೆ ಸೇರಿದೆ. ಬುಪ್ರೆನಾರ್ಫಿನ್ ಪಡೆದ ಕೆಲವು ಇಲಿಗಳು ಗೂಡಿನ ಹಾಸನ್ನು ತಿನ್ನತೊಡಗುತ್ತವೆ. ಆ ದಿನ ಮರದ ಚೂರು, ಪುಡಿ ತೆಗೆದು ಬಟ್ಟೆ ಅಥವಾ ಟಿಶ್ಯೂ ಹಾಸಿ, ಆಗಾಗ ನೋಡುತ್ತಿರಿ. ಆಪರೇಷನ್‌ಗೆ ದಿನ ಗೊತ್ತು ಮಾಡುವಾಗಲೇ "ನೋವಿಗೆ ಏನು ಕೊಡ್ತೀರಿ, ಮನೆಗೆ ಏನು ಕಳಿಸ್ತೀರಿ?" ಅಂತ ಕೇಳಿ. ಉತ್ತರ ಸ್ಪಷ್ಟವಾಗಿಲ್ಲದಿದ್ದರೆ ಇನ್ನೊಬ್ಬ ವೈದ್ಯರನ್ನು ಹುಡುಕುವುದೇ ಒಳ್ಳೆಯದು.

ಯಾರಿಗೆ ಯಾವುದು

ಹೆಣ್ಣಿಲಿಗಳಲ್ಲಿ ಸ್ತನದ ಗಡ್ಡೆ ತುಂಬಾ ಸಾಮಾನ್ಯ. ಅದನ್ನು ತೆಗೆಸಿದರೆ ಮೊದಲ ದಿನ ವೈದ್ಯರ ಇಂಜೆಕ್ಷನ್, ನಂತರ ಕೆಲವು ದಿನ ಮೆಲಾಕ್ಸಿಕ್ಯಾಮ್. ಆಪರೇಷನ್‌ಗೆ ಅಷ್ಟು ಖರ್ಚು ಮಾಡಿದ ಮೇಲೆ ನೋವಿನ ಔಷಧಿಯಲ್ಲಿ ಉಳಿತಾಯ ಬೇಡ. ನೋವಿರುವ ಇಲಿ ಹೊಲಿಗೆಯನ್ನೇ ಕಚ್ಚಿ ಬಿಚ್ಚಿಕೊಳ್ಳಬಹುದು.

ಎರಡು ವರ್ಷ ದಾಟಿದ, ಹಿಂಗಾಲು ಸೋತ ಇಲಿಗೆ ಔಷಧಿ ತಿಂಗಳುಗಟ್ಟಲೆ ಬೇಕಾಗಬಹುದು. ಇಲ್ಲಿ ಮೆಲಾಕ್ಸಿಕ್ಯಾಮ್ ಖರ್ಚಿನಲ್ಲೂ ಭಾರವಲ್ಲ. ದಿನಕ್ಕೆ 0.27 ಎಂಎಲ್‌ನಂತೆ 10 ಎಂಎಲ್ ಬಾಟಲಿ ಒಂದು ತಿಂಗಳು ದಾಟಿ ಬರುತ್ತದೆ. ತೆರೆದ ಮೇಲೆ ಎಷ್ಟು ದಿನ ಬಳಸಬಹುದು ಅಂತ ಲೇಬಲ್ ನೋಡಿಕೊಳ್ಳಿ. ಆದರೆ ಕಾಲು ಸೋಲುವುದೆಲ್ಲ ನೋವಲ್ಲ. ವಯಸ್ಸಿನಿಂದ ನರ ಸೋತು ಕಾಲು ಎಳೆಯುವ ಇಲಿಗೆ ನೋವೇ ಇಲ್ಲದಿರಬಹುದು. ಒಂದು ವಾರ ಸರಿಯಾದ ಪ್ರಮಾಣ ಕೊಟ್ಟು ನೋಡಿ. ಚಟುವಟಿಕೆ, ಊಟ, ಮುಖದ ಗುರುತು ಏನೂ ಬದಲಾಗದಿದ್ದರೆ ಸುಮ್ನೆ ಮುಂದುವರಿಸದೆ ವೈದ್ಯರ ಜೊತೆ ಮಾತಾಡಿ.

ಉಸಿರಾಟಕ್ಕೆ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವ ಇಲಿಗೆ ಮೆಲಾಕ್ಸಿಕ್ಯಾಮ್, ಐಬುಪ್ರೊಫೆನ್ ಎರಡೂ ಬೇಡ. ಪ್ಯಾರಾಸಿಟಮಾಲ್ ಅಥವಾ ವೈದ್ಯರ ಬೇರೆ ಔಷಧಿ. ಸ್ಟೀರಾಯ್ಡನ್ನು ನೀವಾಗಿಯೇ ನಿಲ್ಲಿಸಬೇಡಿ.

ರಾತ್ರಿ ಜಗಳದಲ್ಲಿ ಗಾಯವಾಗಿದೆ, ಬೆಳಗ್ಗೆಯವರೆಗೆ ವೈದ್ಯರಿಲ್ಲ ಅಂದರೆ? ಇಲಿ ಚೆನ್ನಾಗಿ ತಿನ್ನುತ್ತಿದ್ದು, ಬೇರೆ ಔಷಧಿ ಇಲ್ಲದಿದ್ದು, ರಕ್ತ ಸೋರುತ್ತಿಲ್ಲದಿದ್ದರೆ ಬರೀ ಐಬುಪ್ರೊಫೆನ್ ಇರುವ ಸಿರಪ್ ಒಂದು ಡೋಸ್. ಅದಿಲ್ಲದಿದ್ದರೆ ಬರೀ ಪ್ಯಾರಾಸಿಟಮಾಲ್. ಯಾವುದನ್ನು, ಎಷ್ಟು, ಎಷ್ಟು ಗಂಟೆಗೆ ಕೊಟ್ಟಿರಿ ಅಂತ ಚೀಟಿಯಲ್ಲಿ ಬರೆದಿಡಿ. ಬೆಳಗ್ಗೆ ವೈದ್ಯರು ಮೆಲಾಕ್ಸಿಕ್ಯಾಮ್ ಕೊಡಬೇಕೆಂದರೆ ಐಬುಪ್ರೊಫೆನ್ ಹೋಗಿರುವುದು ಅವರಿಗೆ ಗೊತ್ತಿರಬೇಕು. ಒಂದೇ ಗುಂಪಿನ ಎರಡನ್ನು ಒಂದರ ಹಿಂದೆ ಒಂದು ಕೊಡುವಂತಿಲ್ಲ, ನಡುವೆ ಅಂತರ ಬೇಕು. ಬಾಯಿ ತೆರೆದು ಉಸಿರಾಡುತ್ತಿದ್ದರೆ, ರಕ್ತ ನಿಲ್ಲದಿದ್ದರೆ, ಮೈ ತಣ್ಣಗಾಗಿದ್ದರೆ ನೋವಿನ ಔಷಧಿ ಯೋಚನೆ ಬಿಟ್ಟು ಹೊರಡಿ. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಇದೆ. ಸಣ್ಣ ಪ್ರಾಣಿ, ಹಕ್ಕಿ ನೋಡುವ ಖಾಸಗಿ ವೈದ್ಯರೂ ಇದ್ದಾರೆ. ಅವರ ನಂಬರನ್ನು ಇಲಿ ಚೆನ್ನಾಗಿರುವಾಗಲೇ ಫೋನಿನಲ್ಲಿ ಇಟ್ಟುಕೊಳ್ಳಿ.

ಕೊಡುವಾಗ

ಸಿರಿಂಜ್ ವಿಷಯದಲ್ಲಿ ಇಲ್ಲಿ ಒಂದು ದೊಡ್ಡ ಅಪಾಯ ಇದೆ. ಮೆಡಿಕಲ್ ಶಾಪ್‌ನಲ್ಲಿ ಚಿಕ್ಕ ಸಿರಿಂಜ್ ಅಂತ ಕೇಳಿದರೆ ಇನ್ಸುಲಿನ್ ಸಿರಿಂಜ್ ಕೊಡುತ್ತಾರೆ. ಅದರ ಗೆರೆಗಳು ಎಂಎಲ್ ಅಲ್ಲ, ಯೂನಿಟ್. ಯು-40 ಸಿರಿಂಜಿನಲ್ಲಿ 40 ಯೂನಿಟ್ ಅಂದರೆ 1 ಎಂಎಲ್. ಯು-100 ಆದರೆ 100 ಯೂನಿಟ್‌ಗೆ 1 ಎಂಎಲ್. 0.27 ಎಂಎಲ್ ಅಂದರೆ ಯು-100ರಲ್ಲಿ 27ನೇ ಗೆರೆ, ಯು-40ರಲ್ಲಿ ಸುಮಾರು 11. ಯು-40ರಲ್ಲಿ 27ರವರೆಗೆ ಎಳೆದರೆ ಎರಡೂವರೆ ಪಟ್ಟು ಔಷಧಿ ಹೋಗುತ್ತದೆ. ಎಂಎಲ್ ಗೆರೆ ಇರುವ, ಸೂಜಿ ಬೇರ್ಪಡುವ 1 ಎಂಎಲ್ ಸಿರಿಂಜನ್ನೇ ಕೇಳಿ ತನ್ನಿ.

ಬಾಟಲಿ ಚೆನ್ನಾಗಿ ಅಲ್ಲಾಡಿಸಿ. ಖಾಲಿ ಹೊಟ್ಟೆಯಲ್ಲಿ ಬೇಡ, ಮೊದಲು ಏನಾದರೂ ತಿನ್ನಿಸಿ. ಸಿರಿಂಜ್ ತುದಿಯನ್ನು ಬಾಯಿಯ ಪಕ್ಕದಿಂದ ಇಟ್ಟು ಹನಿಹನಿಯಾಗಿ ಬಿಡಿ. ಒಂದೇ ಸಲ ಒತ್ತಿದರೆ ಶ್ವಾಸಕೋಶಕ್ಕೆ ಹೋಗಬಹುದು. ಒಪ್ಪದ ಇಲಿಗೆ ಒಂದು ಚಮಚ ರಾಗಿ ಸರಿ ಅಥವಾ ಕಿವುಚಿದ ಬಾಳೆಹಣ್ಣಿನಲ್ಲಿ ಕಲಸಿ ಕೊಡಿ. ಬೇರೆ ಇಲಿಗಳಿಂದ ದೂರ ಕೂರಿಸಿ, ಪೂರ್ತಿ ತಿನ್ನುವವರೆಗೆ ಜೊತೆಗಿರಿ. ಹೊಸ ರುಚಿಯನ್ನು ಇಲಿ ಅನುಮಾನಿಸುತ್ತದೆ. ಅದಕ್ಕೇ ಔಷಧಿ ಇಲ್ಲದ ರಾಗಿ ಸರಿಯನ್ನು ಮುಂಚೆಯೇ ರೂಢಿ ಮಾಡಿಸಿಡಿ. ಕುಡಿಯುವ ನೀರಿನ ಬಾಟಲಿಗೆ ಮಾತ್ರ ಯಾವ ನೋವಿನ ಔಷಧಿಯನ್ನೂ ಹಾಕಬೇಡಿ. ಯಾವ ಇಲಿ ಎಷ್ಟು ಕುಡಿಯಿತು ಅಂತ ತಿಳಿಯುವುದಿಲ್ಲ. ರುಚಿ ಹಿಡಿಸದೆ ನೀರನ್ನೇ ಬಿಟ್ಟರೆ ಕಿಡ್ನಿಗೆ ಅದೇ ಮೊದಲ ಪೆಟ್ಟು.

ಔಷಧಿ ನಡೆಯುವಷ್ಟು ದಿನ ಇಲಿಯನ್ನು ತೂಗಿ, ಮಲದ ಬಣ್ಣ ನೋಡಿ. ಮಲ ಕಪ್ಪಾದರೆ, ಊಟ ಬಿಟ್ಟರೆ, ತೂಕ ದಿಢೀರನೆ ಇಳಿದರೆ ಮುಂದಿನ ಡೋಸ್ ಕೊಡದೆ ವೈದ್ಯರಿಗೆ ಫೋನ್ ಮಾಡಿ. ಇಲಿಯ ತೂಕ, ಔಷಧಿಯ ಹೆಸರು, ಎಂಎಲ್‌ಗೆ ಎಷ್ಟು ಎಂಜಿ, ಕೊನೆಯ ಡೋಸ್ ಕೊಟ್ಟ ಹೊತ್ತು, ಇಷ್ಟನ್ನು ಹೇಳಿದರೆ ಇಲಿ ನೋಡಿರದ ವೈದ್ಯರೂ ಕೈಪಿಡಿ ತೆಗೆದು ಸಹಾಯ ಮಾಡಬಲ್ಲರು.